ಪಿಕಳಾರದ ಹೊಟ್ಟೆಯ ಸಾಕ್ಷಿ

ಅಬ್ಬಿಪೋಡಿನ ಕೋಳಿಗಳನ್ನು ಹಿಡಿದುಕೊಂಡು ಹೋದ ದಿನ ಮಾದೇವಿ ಬೆಟ್ಟದ ಬುಡದ ಹಕ್ಕಿ ಎಣಿಕೆ ಕೇಂದ್ರದಲ್ಲಿ ಕೆಲಸದ ಮೇಲಿದ್ದಳು. ಸಂಜೆ ಕಾಲುದಾರಿ ಹಿಡಿದು ಪೋಡಿಗೆ ಬಂದವಳಿಗೆ ಮೊದಲು ತಟ್ಟಿದ್ದು ಅಲ್ಲಿನ ಸದ್ದಿಲ್ಲದಿರುವಿಕೆ. ಹೊತ್ತು ಮುಳುಗುವಾಗ ಕೋಳಿಗಳು ಗೂಡು ಸೇರಲು ಮಾಡುವ ಗಲಾಟೆ ಇರಲಿಲ್ಲ. ಅವುಗಳನ್ನು ಬೈದು ಓಡಿಸುವ ಹೆಂಗಸರ ಗಲಾಟೆಯೂ ಇರಲಿಲ್ಲ. ಸೋಲಿಗರ ಆ ಸಣ್ಣ ಹಾಡಿ ಹೆಣ ಎತ್ತಿದ ಮನೆಯ ಹಾಗೆ ಕೂತಿತ್ತು.

ಅವಳ ತಾಯಿ ಕುಂಬಮ್ಮ ಜಗಲಿಯ ಮೇಲೆ ಮಂಕರಿಯನ್ನು ಬೋರಲು ಹಾಕಿಕೊಂಡು, ಅದರ ಮೇಲೆ ಕೈಯಿಟ್ಟು ಕೂತಿದ್ದಳು. ಮಂಕರಿಯ ಕೆಳಗೆ ಏನೂ ಇರಲಿಲ್ಲ.

“ಬಂದ್ಯಾ? ಬಾ. ನಿನ್ ಕೊಂಬೆ ಚಾಡಿ ಹೇಳ್ತಂತ. ಅವರು ಬಂದ್ರು.”

“ಯಾರವ್ವ?”

“ಬಿಳೀ ಅಂಗಿಯವ್ರು. ಮೂತಿಗ ಬಟ್ಟೆ ಕಟ್ಕಂಡಿದ್ರು. ಕೋಳಿ ಹಿಡಿಯಾಕೂ ಬರದಿಲ್ಲ ಆ ಮುಂಡೇವ್ಕ. ಮೀನು ಹಿಡ್ದಂಗ ಬಲೆ ಬೀಸಿ ಹಿಡುದ್ರು. ಕಾವಿಗ ಕೂತಿದ್ದ ಕೆಂಚಿನೂ ಬಿಡ್ನಿಲ್ಲ ಕನ ಮಗ. ಮೊಟ್ಟೆ ಮ್ಯಾಲಿಂದ ಎತ್ತಿ ಚೀಲಕ್ಕ ಹಾಕಂಡ್ರು.”

ಮಾದೇವಿ ಹೆಗಲ ಚೀಲ ಇಳಿಸಲಿಲ್ಲ. ನಿಂತೇ ಇದ್ದಳು.

“ನಾನು ಕೇಳ್ದೆ, ಏನಪ್ಪ ತಪ್ಪು ಮಾಡಿದ್ದೊ ಇವು ಅಂತ. ‘ನಿಮ್ಮ ಕೋಳಿಯಿಂದ ಕಾಡಿನ ಹಕ್ಕಿ ಹೊಟ್ಟೆಗೆ ರೋಗ ಹೋಗ್ತಿದೆ ಅಜ್ಜಿ’ ಅಂದ. ಅಜ್ಜಿ ಅಂತೆ! ಅವನ್ ಅಜ್ಜಿ ಮನೆ ಕೋಳಿ ಹಿಡೀಲಿ ಹೋಗಿ.” ಕುಂಬಮ್ಮ ಬಾಗಿಲ ಕಡೆ ಗದ್ದ ಎತ್ತಿ ತೋರಿಸಿದಳು. “ಅದೊಂದ ಅಂಟಿಸೋಗವ್ರೆ. ಓದು.”

ಬಾಗಿಲಿಗೆ ಅಂಟಿಸಿದ ನೋಟಿಸನ್ನು ಮಾದೇವಿ ಓದದೆಯೂ ಬಲ್ಲಳು. ಅಬ್ಬಿಪೋಡಿನ ಸುತ್ತಲಿನ ಹಾಡುಹಕ್ಕಿಗಳ ಕರುಳಿನಲ್ಲಿ ಪರಾವಲಂಬಿಗಳ ಎಣಿಕೆ ಮಿತಿ ಮೀರಿದೆ; ಮೊದಲ ಕ್ರಮವಾಗಿ ಕೋಳಿಗಳನ್ನು ತೆರವು ಮಾಡಿದೆ; ತಿಂಗಳ ಕೊನೆಯೊಳಗೆ ಎಣಿಕೆ ಇಳಿಯದಿದ್ದರೆ ಎರಡನೆಯ ಕ್ರಮವಾಗಿ ಪೋಡಿನ ಜನರನ್ನು ಹೆದ್ದಾರಿ ಬದಿಯ ತಗಡಿನ ಶೆಡ್ಡುಗಳಿಗೆ ಸಾಗಿಸಲಾಗುವುದು. ಕೆಳಗೆ ಸಹಿ ಇರಲಿಲ್ಲ.

“ಹೋಗಬೇಕಾ ಹಂಗಾದ್ರ?” ಎಂದಳು ಕುಂಬಮ್ಮ. “ನಿಮ್ಮಪ್ಪ ಸತ್ತಾಗ ಇಟ್ಟ ಕಲ್ಲು ಇಲ್ಲೇ ಕಲ್ಲುಗುಡೀಲಿ ಅದ. ಅದ್ನೂ ಚೀಲಕ್ಕ ಹಾಕಂಡು ಬತ್ತಾರಾ ಕೇಳು, ಓದಿದ್ದೀಯಲ್ಲ ನೀನು.”

*

ಈ ಕೊಂಬೆಯ ವಿಷಯ ಸ್ವಲ್ಪ ಹೇಳಬೇಕು. ಕಾಡಿನ ಆರೋಗ್ಯವನ್ನು ಹುಲಿ ಎಣಿಸಿ ಅಳೆಯುತ್ತಿದ್ದ ಕಾಲ ಹೋಗಿ, ಹಾಡುಹಕ್ಕಿಗಳ ಹೊಟ್ಟೆ ನೋಡಿ ಅಳೆಯುವ ಕಾಲ ಬಂದಿತ್ತು. ಹಕ್ಕಿಸಾಕ್ಷಿ ಕಾಯ್ದೆ ಎಂದು ಅದಕ್ಕೆ ಹೆಸರು. ಮನುಷ್ಯ ತನ್ನ ದನ, ಕೋಳಿ, ಕಸದೊಂದಿಗೆ ಕಾಡಿನೊಳಗೆ ಕಾಲಿಟ್ಟರೆ ಅಲ್ಲಿಯ ಹಕ್ಕಿಗಳ ಕರುಳಿನಲ್ಲಿ ಪರಾವಲಂಬಿಗಳು ಹೆಚ್ಚುತ್ತವೆ. ಎಲ್ಲಿ ಹೆಚ್ಚುತ್ತವೋ ಅಲ್ಲಿಂದ ಮನುಷ್ಯ ಹಿಂದೆ ಸರಿಯಬೇಕು. ಕೇಳುವುದಕ್ಕೆ ಒಳ್ಳೆಯ ಮಾತೇ. ಹಕ್ಕಿಗೆ ಸುಳ್ಳು ಹೇಳಲು ಬರುವುದಿಲ್ಲ ಎಂದು ಕಾಯ್ದೆ ಮಾಡಿದವರು ಭಾಷಣದಲ್ಲಿ ಹೇಳಿದ್ದರು.

ಹಕ್ಕಿಯ ಸಾಕ್ಷಿ ಪಡೆಯಲು ಎಣಿಕೆಕೊಂಬೆ ಎಂಬ ಯಂತ್ರ. ಕಂಬದ ಮೇಲೆ ಕೂರಿಸಿದ, ಮೊಳದುದ್ದದ, ನೋಡಿದರೆ ಒಣಗಿದ ಕೊಂಬೆಯಂಥದೇ ವಸ್ತು. ಪಕ್ಕದಲ್ಲಿ ನೀರಿನ ಬಟ್ಟಲು. ನೀರಿಗೆ ಬಂದ ಪಿಕಳಾರವೋ ಮಡಿವಾಳ ಹಕ್ಕಿಯೋ ಅದರ ಮೇಲೆ ಕೂತು ಹಿಕ್ಕೆ ಹಾಕಿದರೆ ಕೆಳಗಿನ ಗಾಜಿನ ತಟ್ಟೆಗೆ ಬೀಳುತ್ತದೆ. ತಟ್ಟೆಯ ಅಡಿಯಲ್ಲೊಂದು ಯಂತ್ರದ ಕಣ್ಣು. ಹಿಕ್ಕೆಯಲ್ಲಿರುವ ಪರಾವಲಂಬಿಯ ಕೋಶಗಳನ್ನು, ಕೂದಲೆಳೆಗಿಂತ ಸಣ್ಣವಾದ ಗುಂಡುಗುಂಡನೆಯ ಕೋಶಗಳನ್ನು, ಅದು ಎಣಿಸಿ ಕೇಂದ್ರಕ್ಕೆ ಕಳಿಸುತ್ತದೆ. ತಲೆಯ ಮೇಲೆ ಅಂಗೈಯಗಲದ ಸೌರಫಲಕ. ಬಿಸಿಲು ಕುಡಿದು ಹೊಟ್ಟೆ ತುಂಬಿದ ಕೂಡಲೇ ಯಂತ್ರಕ್ಕೆ ಎಚ್ಚರವಾಗುತ್ತದೆ. ತಟ್ಟೆ ಒರೆಸಿಕೊಂಡು, ಆಮೇಲೆ ಬಿದ್ದ ತಾಜಾ ಹಿಕ್ಕೆಯನ್ನಷ್ಟೇ ಎಣಿಸಿ, ಕಳಿಸಿ, ಮಲಗುತ್ತದೆ. ಮತ್ತೆ ಏಳುವುದು ಮರುದಿನವೇ.

ಎಣಿಕೆ ಹೆಚ್ಚಾದರೆ ಕೇಂದ್ರದ ನಕ್ಷೆಯಲ್ಲಿ ಆ ಜಾಗ ಕೆಂಪಾಗುತ್ತದೆ. ಮೊದಲು ಬರಿಯ ಎಣಿಕೆ ಇತ್ತು; ಆ ತಿಂಗಳಿಂದ ಹೊಸ ನಿಯಮ, ಕೆಂಪು ಒಂದು ವಾರ ನಿಂತರೆ ನೋಟಿಸು ತಾನೇ ತಯಾರಾಗಿ ತಾನೇ ಹೊರಡುತ್ತದೆ. ಯಾರ ಸಹಿಯೂ ಬೇಡ, ಯಾರ ಶಿಫಾರಸೂ ನಡೆಯುವುದಿಲ್ಲ, ಇದೇ ಇದರ ಹೆಚ್ಚುಗಾರಿಕೆ ಎನ್ನುತ್ತಿದ್ದರು. ಸಹಿಯೇ ಇಲ್ಲದ ಕಾಗದಕ್ಕೆ ಯಾರ ಕೊರಳಪಟ್ಟಿ ಹಿಡಿದು ಜಗಳ ಆಡುವುದು ಎಂದು ಯಾರೂ ಕೇಳಲಿಲ್ಲ.

ಅಬ್ಬಿಪೋಡಿನಿಂದ ಪಶುವೈದ್ಯಕೀಯ ಓದಿ, ಹಕ್ಕಿಗಳ ಕರುಳಿನ ಪರಾವಲಂಬಿಗಳ ಬಗ್ಗೆಯೇ ಪ್ರಬಂಧ ಬರೆದು ಡಾಕ್ಟರಾದ ಮೊದಲ ಹೆಣ್ಣುಮಗಳು ಮಾದೇವಿ. ಕೊಂಬೆಗಳನ್ನು ನೆಟ್ಟು ವರ್ಷವಾದ ಮೇಲೆ ಅವಳಿಗೆ ಕೇಂದ್ರದಲ್ಲಿ ತಜ್ಞೆಯ ಕೆಲಸ ಸಿಕ್ಕಿತು. ‘ನಮ್ಮ ಹುಡುಗಿ ಒಳಗವಳೆ, ಇನ್ನೇನ್ ಭಯ’ ಎಂದು ಪೋಡಿನಲ್ಲಿ ಅಂದು ಪಾಯಸ ಮಾಡಿದ್ದರು.

*

ಮರುದಿನ ಬೆಳಿಗ್ಗೆ ಅವಳು ನಿರ್ದೇಶಕರ ಕೋಣೆಗೆ ಹೋಗದೆ ನೇರವಾಗಿ ನಕ್ಷೆಯ ಕೋಣೆಗೆ ಹೋದಳು. ಗೋಡೆಯಗಲದ ಪರದೆಯ ಮೇಲೆ ಕಾರೆಬೆಟ್ಟ ಮಲಗಿತ್ತು. ನೆತ್ತಿಯಲ್ಲಿ ಹಸಿರು: ಅಲ್ಲಿ ಮುಗಿಲಂಚು ಎಂಬ ರೆಸಾರ್ಟು, ಹುಲ್ಲುಹಾಸು, ಈಜುಕೊಳ, ಅತಿಥಿಗಳ ಕುಟೀರಗಳು. ಬುಡದ ಪಡುವಣ ಕಣಿವೆಯಲ್ಲಿ ರಕ್ತದ ಹನಿ ಬಿದ್ದಂತೆ ಕೆಂಪು: ಅದು ಅಬ್ಬಿಪೋಡು.

ಕೊಂಬೆಗಳ ರಿಪೇರಿ ನೋಡಿಕೊಳ್ಳುವ ಇರ್ಫಾನ್ ಪೊಟ್ಟಣ ಬಿಚ್ಚಿ ಇಡ್ಲಿ ತಿನ್ನುತ್ತಿದ್ದ. ಕೊಳ್ಳೇಗಾಲದ ಕಡೆಯವನು, ಬಾಯಿ ಸುಮ್ಮನಿರದ ಮನುಷ್ಯ. ಅವಳ ಮುಖ ನೋಡಿ ಪೊಟ್ಟಣ ಪಕ್ಕಕ್ಕೆ ಸರಿಸಿದ.

“ಕೇಳ್ದೆ ಮೇಡಂ. ನಿಮ್ಮನೇವೂ ಹೋದವಾ?”

“ಎಲ್ಲ ಹೋದವು. ಇರ್ಫಾನ್, ಮುಗಿಲಂಚಿನ ಕೊಂಬೆಗಳು ಎಷ್ಟು ಹೊತ್ತಿಗೆ ಎಣಿಕೆ ಕಳಿಸ್ತವೆ?”

“ಅವುಕ್ಕೇನು, ದೊಡ್ಡೋರ ಮನೆ ಕೊಂಬೆ. ಹೊತ್ತು ಮೂಡ್ತಿದ್ದಂಗೆ ಹೊಟ್ಟೆ ತುಂಬ್ತದೆ. ಗೆಸ್ಟುಗಳು ಕಾಫಿ ಕುಡಿಯೋದ್ರೊಳಗೆ ಎಣಿಸಿ ಮಲಗಿರ್ತವೆ. ನಿಮ್ಮ ಪೋಡಿನವು ಪಾಪ, ಮಧ್ಯಾಹ್ನದವರೆಗೂ ಬೆಟ್ಟದ ನೆರಳಲ್ಲೇ ಉಪವಾಸ. ಸಂಜೆಗೇ ಏಳೋದು.”

ಮಾದೇವಿಗೆ ಬೇಕಾದದ್ದು ಅಷ್ಟೇ. ಆರು ತಿಂಗಳಿಂದ ಅನುಮಾನವಾಗಿದ್ದದ್ದು, ಟಿಪ್ಪಣಿ ಬರೆದು ಕಳಿಸಿ ಉತ್ತರ ಬಾರದೆ ಉಳಿದಿದ್ದದ್ದು, ಈಗ ಖಚಿತವಾಯಿತು. ಅವಳು ನಿರ್ದೇಶಕರ ಕೋಣೆಯ ಬಾಗಿಲು ತಟ್ಟಿದಳು.

ನಿರ್ದೇಶಕ ಡಾ. ಅನಂತಶಯನರು ಮೆತ್ತಗಿನ ಮಾತಿನವರು. ಯಾರಿಗೂ ಎದುರಾಡಿದವರಲ್ಲ, ಮೇಲಿನವರಿಗಂತೂ ಅಲ್ಲವೇ ಅಲ್ಲ. ಅವಳನ್ನು ಕೂರಿಸಿ, ಫ್ಲಾಸ್ಕಿನಿಂದ ಕಾಫಿ ಬಗ್ಗಿಸಿಕೊಟ್ಟರು. ಅವಳು ಮುಟ್ಟಲಿಲ್ಲ.

“ಸರ್, ಪಿಕಳಾರದ ಕರುಳಿನ ಈ ಪರಾವಲಂಬಿಗೆ ಒಂದು ಹೊತ್ತಿದೆ. ಬೆಳಗಿನ ಹಿಕ್ಕೆಯಲ್ಲಿ ಹುಡುಕಿದರೂ ಸಿಗುವುದಿಲ್ಲ. ಹೊತ್ತು ವಾಲಿದ ಮೇಲೆ ಸಾವಿರಗಟ್ಟಲೆ ಇಳಿಯುತ್ತೆ. ಹಗಲಿನ ಬಿಸಿಲಿಗೆ ಬಿದ್ದರೆ ಕೋಶಗಳು ಒಣಗಿ ಸಾಯುತ್ತವೆ. ಸಂಜೆ ಬಿದ್ದರೆ ರಾತ್ರಿಯ ತಂಪಿನಲ್ಲಿ ಬದುಕಿಕೊಳ್ಳುತ್ತವೆ, ಅದಕ್ಕೆ.”

“ಗೊತ್ತಮ್ಮ.”

“ಮೇಲಿನ ಕೊಂಬೆ ಬೆಳಿಗ್ಗೆ ಎಣಿಸುತ್ತೆ. ನಮ್ಮದು ಸಂಜೆ ಎಣಿಸುತ್ತೆ. ಅದೇ ಹಕ್ಕಿ ಬೆಳಿಗ್ಗೆ ಮೇಲೆ ಕೂತರೆ ಹಸಿರು, ಸಂಜೆ ಕೆಳಗೆ ಕೂತರೆ ಕೆಂಪು. ಕೋಳಿಗೂ ಇದಕ್ಕೂ ಸಂಬಂಧವೇ ಇಲ್ಲ. ಕೋಳಿ ಕರುಳಿನದು ಬೇರೆ ಜಾತಿ, ಹಾಡುಹಕ್ಕಿಯದು ಬೇರೆ ಜಾತಿ. ಒಂದರದು ಇನ್ನೊಂದಕ್ಕೆ ಹತ್ತಲ್ಲ. ಕೊಂಬೆಗೆ ಗುಂಡಗಿರುವುದೆಲ್ಲ ಒಂದೇ.”

“ಗೊತ್ತಮ್ಮ. ಇದನ್ನ ನಾನು ವರ್ಷಗಟ್ಟಲೆ ಕ್ಲಾಸಿನಲ್ಲಿ ಪಾಠ ಮಾಡಿದ್ದೀನಿ.”

ಅವಳು ಬಂದದ್ದು ಗೊತ್ತಿಲ್ಲದವರಿಗೆ ತಿಳಿಸಿ ಹೇಳಲು. ರಾತ್ರಿಯೆಲ್ಲ ಮಾತು ಜೋಡಿಸಿಕೊಂಡದ್ದು ಅದಕ್ಕಾಗಿ. ಮೇಜಿನ ಅಂಚು ಹಿಡಿದುಕೊಂಡಳು.

“ಗೊತ್ತಿದ್ದೂ ಕೋಳಿ ಹಿಡಿಸಿದ್ರಾ?”

“ನಾನೆಲ್ಲಿ ಹಿಡಿಸಿದೆ? ನೋಟಿಸು ತಾನೇ ಹೋಗುತ್ತೆ. ಕಾಯ್ದೆಯಲ್ಲಿ ‘ಎಣಿಕೆ’ ಅಂತ ಇದೆ, ಹೊತ್ತಿನ ಮಾತಿಲ್ಲ. ಹೊತ್ತು ಸೇರಿಸಬೇಕಾದರೆ ತಜ್ಞರ ಸಮಿತಿ ಕೂರಬೇಕು. ಅದು ಮುಂದಿನ ವರ್ಷ ಕೂರುತ್ತೆ.”

“ನಾವು ಈ ತಿಂಗಳು ಹೋಗ್ತೀವಿ.”

“ತಪ್ಪು ಎಣಿಕೆ ಅಂತ ತಿದ್ದೋಕೆ ಅವಕಾಶ ಇದೆಯಲ್ಲ ಸರ್,” ಎಂದು ಮತ್ತೆ ಅವಳೇ ಹೇಳಿದಳು. “ನಿರ್ದೇಶಕರ ಬೆರಳು, ತಜ್ಞೆಯ ಬೆರಳು, ಎರಡೂ ಪರದೆಯ ಮೇಲೆ ಬಿದ್ದರೆ ಸಾಕು. ನನ್ನ ಬೆರಳು ಇಲ್ಲೇ ಇದೆ.”

ಅನಂತಶಯನರು ತಮ್ಮ ಕೈಯನ್ನು ಮೇಜಿನ ಮೇಲಿಂದ ತೆಗೆದು ತೊಡೆಯ ಮೇಲಿಟ್ಟುಕೊಂಡರು.

“ಒಂದು ಕಡೆ ತಿದ್ದಿದರೆ ಎಲ್ಲ ಕಡೆಯವರೂ ಕೇಳ್ತಾರೆ ಮಾದೇವಿ. ನಿನಗಿಲ್ಲಿ ಕ್ವಾರ್ಟರ್ಸ್ ಕೊಡಿಸ್ತೀನಿ. ತಾಯಿಯವರನ್ನ ಕರ್ಕೊಂಡು ಬಾ. ಇಪ್ಪತ್ತನಾಲ್ಕು ಗಂಟೆ ನಲ್ಲಿ ನೀರು ಇದೆ. ನಿಮ್ಮವರಿಗೂ ನೀನೇ ಸಮಾಧಾನವಾಗಿ ತಿಳಿಸಿ ಹೇಳು. ನೀನು ಹೇಳಿದರೆ ಕೇಳ್ತಾರೆ.”

“ಏನಂತ ಹೇಳಲಿ? ಹಕ್ಕಿಗೆ ಸುಳ್ಳು ಬರಲ್ಲ, ಅದರ ಹಿಕ್ಕೆ ಎಣಿಸೋರಿಗೆ ಬರುತ್ತೆ ಅಂತಲಾ?”

ಕಾಫಿ ಹಾಗೇ ಆರಿ ಕೆನೆ ಕಟ್ಟಿತು.

*

ಆ ಸಂಜೆ ಯಜಮಾನ ಅಚ್ಚುಗೇಗೌಡರ ಅಂಗಳದಲ್ಲಿ ಪೋಡು ಸೇರಿತು. ಮಾದೇವಿ ನಡೆದದ್ದನ್ನು ನಡೆದ ಹಾಗೆ ಹೇಳಿದಳು. ಹುಡುಗರು ಕೊಂಬೆಗಳನ್ನು ಮುರಿದು ಒಲೆಗೆ ಹಾಕೋಣ ಎಂದು ಎದ್ದರು.

“ಕೂತ್ಕಳ್ರಪ್ಪ,” ಎಂದರು ಯಜಮಾನರು. ಎಲೆ ಅಡಿಕೆ ಒಂದು ದವಡೆಯಿಂದ ಇನ್ನೊಂದಕ್ಕೆ ಹೋಯಿತು. “ಸರ್ಕಾರಕ್ಕ ನಮ್ಮ ಬಾಯಿ ಮ್ಯಾಲ ನಂಬಿಕೆ ಇಲ್ಲ, ಹಕ್ಕಿ ತಿಕದ ಮ್ಯಾಲ ಅದ. ಅದ್ನೂ ಮುರುದ್ರ ಜೈಲ್ಗ ಹಾಕ್ತಾರ. ಮಾದೀ, ನಮ್ಮ ಕೊಂಬೆಗೂ ಬೆಳಿಗ್ಗೇನೇ ಬಿಸಿಲು ಬೀಳಂಗ ಮಾಡುದ್ರ? ಎದುರಿನ ದಿಣ್ಣೆ ಮ್ಯಾಲ ಬಿಸಿಲು ಬೇಗ ಬತ್ತದ. ಅಲ್ಲೊಂದ್ ನಾಲ್ಕು ಕನ್ನಡಿ ಹಿಡುದ್ರ ಇಲ್ಲಿಗ ಬಡೀತದ. ಹುಡುಗ್ರು ಹೆಂಗೂ ದಿನಾ ಕನ್ನಡಿ ಮುಂದೇ ಇರ್ತರ.”

ಕೆಲವರು ನಕ್ಕರು. ಆಗದ ಮಾತೇನಲ್ಲ ಅದು. ಬೆಳಿಗ್ಗೆ ಕೊಂಬೆ ಎಚ್ಚರವಾದರೆ ಬೆಳಿಗ್ಗೆ ಎಣಿಸುತ್ತದೆ, ಪೋಡು ಹಸಿರಾಗುತ್ತದೆ, ಎಲ್ಲರೂ ಇದ್ದಲ್ಲೇ ಇರಬಹುದು. ಮಾದೇವಿ ಒಂದು ಗಳಿಗೆ ಆಸೆಪಟ್ಟಳು. ಆಮೇಲೆ ಅವಳಿಗೆ ಇನ್ನೊಂದು ಹೊಳೆಯಿತು.

“ಬ್ಯಾಡ ಮಾವ. ನಮ್ಮದು ಈಗ ಹಸಿರಾದ್ರ ಏನಂತಾರ ಗೊತ್ತಾ? ‘ನೋಡಿ, ಕೋಳಿ ಹಿಡಿದ್ವಿ, ಹಕ್ಕಿ ಹೊಟ್ಟೆ ಚೊಕ್ಕಟಾಯ್ತು’ ಅಂತಾರ. ಅವರು ಮಾಡಿದ್ದೇ ಸರಿ ಅಂತ ಆಯ್ತದ. ಬೆಟ್ಟದ ಆಚೆ ಪೋಡುಗಳ ಕೋಳಿನೂ ಹೋಯ್ತವ, ಆಮೇಲೆ ಆಡು, ಆಮೇಲೆ ಜನ.”

ಯಜಮಾನರು ಅವಳ ಕಡೆ ತಿರುಗಿದರು.

“ಮತ್ತ ಏನವ್ವ ಮಾಡದು?”

“ಮ್ಯಾಲಿನ ಕೊಂಬೆ ಸಂಜೆ ಏಳ್ಬೇಕು. ಬೆಟ್ಟ ನಮ್ಮ ಮ್ಯಾಲ ಹಾಕೊ ನೆರಳು ಅವರ ಮ್ಯಾಲೂ ಬೀಳ್ಬೇಕು. ಅವರದೂ ಕೆಂಪಾಗ್ಲಿ. ಆಗ ಯಾರಿಗ ಏನ್ ಗೊತ್ತದ ಅಂತ ಕಾಣ್ತದ.”

“ನೆತ್ತಿ ಮ್ಯಾಲ ಬೆಟ್ಟ ಎತ್ತಿಡಕ್ಕಾಯ್ತದ?” ಎಂದ ಒಬ್ಬ.

ಇಷ್ಟು ಹೊತ್ತು ಕಂಬಕ್ಕೊರಗಿ ಸುಮ್ಮನಿದ್ದ ಕುಂಬಮ್ಮ ಬಾಯಿ ತೆರೆದಳು. ಅವಳೂ ಪೋಡಿನ ಏಳೆಂಟು ಹೆಂಗಸರೂ ಮುಗಿಲಂಚಿನಲ್ಲಿ ಬಟ್ಟೆ ಒಗೆಯುವ ಕೆಲಸಕ್ಕೆ ಹೋಗುತ್ತಿದ್ದರು. ಹೊತ್ತು ಮೂಡುವ ಮೊದಲೇ ಬೆಟ್ಟ ಹತ್ತಿ, ಅತಿಥಿಗಳು ಹೊರಳಾಡಿದ ಬಿಳಿಯ ಹಾಸಿಗೆ ಬಟ್ಟೆಗಳನ್ನು ಒಗೆದು ಒಣಹಾಕಿ, ಮಧ್ಯಾಹ್ನ ಮಡಿಸಿಟ್ಟು ಇಳಿಯುತ್ತಿದ್ದರು.

“ಬೆಟ್ಟ ಯಾಕ? ಹಾಸುಗೆ ಬಟ್ಟೆ ಇಲ್ವ? ಒಂದೊಂದು ಗದ್ದೆ ಅಗಲ ಅವ.” ಅವಳ ದನಿ ಏರಲಿಲ್ಲ. “ಈಗ ಗ್ವಾಡೆ ಹಿಂದ ಒಣಗಾಕ್ತೀವಿ, ಅಲ್ಲಿ ಬಿಸಿಲೇ ಸಾಲದು. ಬಟ್ಟೆ ಬೇಗ ಒಣಗ್ತಿಲ್ಲ ಅಂತ ಆ ಮೇನೇಜರಪ್ಪ ದಿನಾ ಉಗೀತನ. ಚೆಂದಾಗಿ ಬಿಸಿಲು ಬೀಳ ಕಡೆ ಹಗ್ಗ ಕಟ್ಟಿ ಒಣಗಾಕುದ್ರ ಬ್ಯಾಡ ಅಂತನಾ? ಕೊಂಬೆ ನೆಟ್ಟಿರದೂ ಬಿಸಿಲು ಬೀಳ ಕಡೆನೇ ಅಲ್ವ?”

ಅಚ್ಚುಗೇಗೌಡರು ಎಲೆ ಅಡಿಕೆ ಉಗಿದು ಬಂದು ಕೂತರು. “ಕುಂಬೀ,” ಎಂದರು, “ನಿನ್ನ ಗಂಡ ನಿನಗ ಹೆದರ್ತಿದ್ದದ್ದು ಸುಮ್ನಲ್ಲ.”

*

ಬಟ್ಟೆ ಬೇಗ ಒಣಗುತ್ತಿರುವುದನ್ನು ಕಂಡು ಮುಗಿಲಂಚಿನ ಮ್ಯಾನೇಜರಿಗೆ ಸಂತೋಷವೇ ಆಯಿತು. ಹುಲ್ಲುಹಾಸಿನ ಮೂಡಣ ಅಂಚಿನುದ್ದಕ್ಕೂ ಹಗ್ಗ. ಹಗ್ಗದ ಮೇಲೆ ಸಾಲಾಗಿ ಬಿಳಿಯ ಬಟ್ಟೆ. ಹಿಂದೆ ಕೊಂಬೆಗಳು ಒಂದೊಂದಾಗಿ ನೆರಳಿನಲ್ಲಿ ನಿಂತವು. ಪಿಕಳಾರಗಳಿಗೆ ಇದರಿಂದ ಏನೂ ತೊಂದರೆಯಾಗಲಿಲ್ಲ. ನೀರಿಗೆ ಬಂದವು, ಕೂತವು, ಬಾಲದ ಬುಡದ ಕೆಂಪು ತೋರಿಸಿ ಹಾಡಿದವು, ಹಿಕ್ಕೆ ಹಾಕಿದವು. ಯಂತ್ರದ ಕಣ್ಣು ಮಾತ್ರ ಮುಚ್ಚಿಯೇ ಇತ್ತು. ಬಟ್ಟೆ ಒಣಗಿ, ಹೆಂಗಸರು ಮಡಿಸಿ ಎತ್ತಿಕೊಂಡ ಮೇಲೆ ಫಲಕಗಳಿಗೆ ಬಿಸಿಲು ಬಿತ್ತು. ಕೊಂಬೆಗಳು ಎಚ್ಚರವಾದಾಗ ಹೊತ್ತು ವಾಲಿತ್ತು.

ಕೇಂದ್ರದ ಪರದೆಯ ಮೇಲೆ ಬೆಟ್ಟದ ನೆತ್ತಿ ಕೆಂಪಾಯಿತು.

ಮೊದಲ ದಿನ ಯಂತ್ರದ ದೋಷ ಎಂದರು. ಎರಡನೆಯ ದಿನ ಇರ್ಫಾನನನ್ನು ಮೇಲೆ ಕಳಿಸಿದರು. ಅವನು ಹೋಗಿ, ಒಂದೊಂದು ಕೊಂಬೆಯನ್ನೂ ತಟ್ಟಿ ನೋಡಿ, ಬಟ್ಟೆಗಳ ಸಾಲನ್ನೂ ನೋಡಿ, ರೆಸಾರ್ಟಿನವರು ಕೊಟ್ಟ ನಿಂಬೆ ಪಾನಕ ಕುಡಿದು ಬಂದ.

“ಎಲ್ಲ ಕೊಂಬೆ ಸರಿಯಾಗಿವೆ ಸರ್. ಒಂದೂ ಕೆಟ್ಟಿಲ್ಲ,” ಎಂದು ನಿರ್ದೇಶಕರಿಗೆ ವರದಿ ಒಪ್ಪಿಸಿದ. ಹೊರಗೆ ಬಂದು ಮಾದೇವಿಯ ಮೇಜಿನ ಹತ್ತಿರ ನಿಂತು ತಲೆ ಕೆರೆದುಕೊಂಡ. “ನಿಮ್ಮ ತಾಯಿಯವರು ಸಿಕ್ಕಿದ್ರು ಮೇಡಂ. ಸಕತ್ ಬೆಳ್ಳಗೆ ಒಗೀತಾರೆ. ನಮ್ಮನೇವಳು ಒಗೆದದ್ದು ಯಾವತ್ತೂ ಅಷ್ಟು ಬೆಳ್ಳಗೆ ಬಂದದ್ದಿಲ್ಲ.”

ಅವಳು ತಲೆ ಎತ್ತಿ ನೋಡಿದಳು. ಅವನಾಗಲೇ ಇನ್ನೊಬ್ಬರ ಮೇಜಿಗೆ ಹೋಗಿ ಕ್ರಿಕೆಟ್ ಮಾತಾಡುತ್ತಿದ್ದ.

ಕೆಂಪು ಇಳಿಯಲಿಲ್ಲ. ವಾರ ತುಂಬಿದ ಬೆಳಿಗ್ಗೆ ನೋಟಿಸು ತಾನೇ ತಯಾರಾಗಿ ತಾನೇ ಹೊರಟಿತು. ಮುಗಿಲಂಚಿನ ಸುತ್ತಲಿನ ಹಾಡುಹಕ್ಕಿಗಳ ಕರುಳಿನಲ್ಲಿ ಎಣಿಕೆ ಮಿತಿ ಮೀರಿದೆ. ಮೊದಲ ಕ್ರಮವಾಗಿ ಅಡುಗೆಮನೆಯ ಕೋಳಿಗಳನ್ನು ತೆರವು ಮಾಡಬೇಕು. ರೆಸಾರ್ಟುಗಳಿಗೆ ಕಾಯ್ದೆ ಇನ್ನೂ ಬಿಗಿಯಾಗಿತ್ತು, ಏಕೆಂದರೆ ಅವಕ್ಕೆ ಅದು ಅನ್ವಯವಾಗುವ ದಿನ ಬರುತ್ತದೆಂದು ಬರೆದವರು ಎಣಿಸಿರಲಿಲ್ಲ: ಅಂದೇ ಸಂಜೆಯೊಳಗೆ ಅತಿಥಿಗಳನ್ನು ಕೆಳಗಿಳಿಸಬೇಕು.

ಕೇಂದ್ರದ ಫೋನುಗಳು ಬಡಿದುಕೊಳ್ಳಲು ಶುರುವಾದವು. ಯಾರ ಶಿಫಾರಸೂ ನಡೆಯದ ಯಂತ್ರಕ್ಕೆ ಇಷ್ಟೊಂದು ಜನ ಶಿಫಾರಸು ಮಾಡುವವರಿದ್ದಾರೆ ಎಂದು ಮಾದೇವಿಗೆ ತಿಳಿದದ್ದು ಆವತ್ತೇ.

*

ಮಧ್ಯಾಹ್ನ ಅನಂತಶಯನರು ಖುದ್ದು ಬೆಟ್ಟದ ಮೇಲೆ ಹೋಗಿ ಬಂದರು. ಬಂದವರೇ ಮಾದೇವಿಯನ್ನು ಕರೆಸಿ ಬಾಗಿಲು ಹಾಕಿಸಿದರು. ಮೆತ್ತಗಿನ ದನಿ ಒಡೆದಿತ್ತು.

“ಬಟ್ಟೆ ಒಣಹಾಕಿದ್ದಾರೆ! ಕೊಂಬೆಗಳ ಮುಂದೆ! ಫಲಕಗಳ ಮೇಲೆ ಬಿಸಿಲೇ ಬೀಳ್ತಿಲ್ಲ!”

“ಮಧ್ಯಾಹ್ನದ ಮೇಲೆ ಬೀಳುತ್ತಲ್ಲ ಸರ್.”

“ಅದೇ! ಅದಕ್ಕೇ ಅವು ಸಂಜೆ ಎಣಿಸ್ತಿವೆ!”

“ಸಂಜೆ ಎಣಿಸಿದರೇನು ಸರ್? ಎಣಿಕೆ ಎಣಿಕೆಯೇ. ಕಾಯ್ದೆಯಲ್ಲಿ ಹೊತ್ತಿನ ಮಾತಿಲ್ಲ.”

ಅವರು ಕೂತರು. ಕನ್ನಡಕ ತೆಗೆದು ಒರೆಸಿದರು. ಮತ್ತೆ ಹಾಕಿಕೊಂಡಾಗ ದನಿ ಹಳೆಯ ಮೆದುತನಕ್ಕೆ ಬಂದಿತ್ತು.

“ನೋಡಮ್ಮ. ಬೆಳಿಗ್ಗೆ ಪರದೆಯ ಮೇಲೆ ತಜ್ಞರ ಸಮಿತಿಯ ತುರ್ತು ಸಭೆ ಆಯಿತು.”

“ಮುಂದಿನ ವರ್ಷ ಅಂದಿದ್ರಿ.”

“ತುರ್ತು ಸಭೆ. ಈ ಪರಾವಲಂಬಿ ಸಂಜೆಯ ಹೊತ್ತು ಹೆಚ್ಚಾಗಿ ಇಳಿಯುವುದು ಸಹಜ, ಅದರಿಂದ ಮಾಲಿನ್ಯ ಅಂತ ಹೇಳೋಕಾಗಲ್ಲ ಅಂತ ಎಲ್ಲರೂ ಒಪ್ಪಿದ್ದಾರೆ. ತಿದ್ದುಪಡಿ ಸಿದ್ಧವಾಗಿದೆ. ನನ್ನ ಬೆರಳು ಒತ್ತಿದ್ದೀನಿ. ನಿನ್ನದೊಂದು ಒತ್ತಿಬಿಡು. ಸಂಜೆಯೊಳಗೆ ಆಗಬೇಕು.”

ಮಾದೇವಿ ಪರದೆ ತನ್ನ ಕಡೆ ತಿರುಗಿಸಿಕೊಂಡು ಓದಿದಳು. ಚೆನ್ನಾಗಿಯೇ ಬರೆದಿದ್ದರು. ಅವಳು ಆರು ತಿಂಗಳ ಹಿಂದೆ ಕಳಿಸಿದ ಟಿಪ್ಪಣಿಯ ಮಾತುಗಳೇ, ಒಂದೆರಡು ಕಡೆ ಅವಳ ವಾಕ್ಯಗಳೇ. ಕೊನೆಯಲ್ಲಿ ಮಾತ್ರ ಅವಳದಲ್ಲದ ಒಂದು ಸಾಲಿತ್ತು: ‘ಈ ತಿದ್ದುಪಡಿ ಮುಗಿಲಂಚು ವಲಯದ ಕೊಂಬೆಗಳಿಗೆ ಮಾತ್ರ ಅನ್ವಯ.’

ಅವ್ವನ ಬರಿಯ ಮಂಕರಿ ಕಣ್ಣ ಮುಂದೆ ಬಂತು.

“ಒತ್ತಲ್ಲ.”

“ಮಾದೇವಿ, ಹುಡುಗಾಟ ಬೇಡ. ಕೊಂಬೆಗಳಿಗೆ ಅಡ್ಡಿ ಮಾಡುವುದು ಅಪರಾಧ. ಬಟ್ಟೆ ಒಣಹಾಕಿದವರು ಯಾರು ಅಂತ ನನಗೆ ಗೊತ್ತು. ನಿನ್ನ ತಾಯಿಯ ಮೇಲೆ ಕೇಸು ಹಾಕಬೇಕಾಗುತ್ತೆ.”

“ಹಾಕಿ. ಕೇಸಿನಲ್ಲಿ ಏನು ಬರೀತೀರಿ? ಫಲಕದ ಮೇಲೆ ನೆರಳು ಬಿತ್ತು, ಅದರಿಂದ ಎಣಿಕೆ ತಪ್ಪಾಯಿತು ಅಂತ ತಾನೆ?” ಅವಳು ಎದ್ದು ನಿಂತಳು. “ಬರೀರಿ. ನಮ್ಮ ಕೊಂಬೆಯ ಮೇಲೆ ನೆಟ್ಟ ದಿನದಿಂದ ಬೆಟ್ಟ ನೆರಳು ಹಾಕಿದೆ. ನಮ್ಮವ್ವನದು ಒಂದು ವಾರದ ಅಪರಾಧ. ಮೊದಲು ಬೆಟ್ಟದ ಮೇಲೆ ಕೇಸು ಹಾಕಿ. ನೆರಳಿನಿಂದ ಏನೂ ಆಗಲ್ಲ ಅಂತೀರಾ, ಹಾಗಾದರೆ ಮುಗಿಲಂಚು ಕೆಂಪೇ, ಸಂಜೆಗೆ ಖಾಲಿ ಮಾಡಿಸಿ. ಎರಡರಲ್ಲಿ ಯಾವುದು ಸರ್? ಹೊಟ್ಟೆ ಒಂದೇ. ಹಕ್ಕಿಗೆ ಮುಗಿಲಂಚು ಯಾವುದು ಪೋಡು ಯಾವುದು ಅಂತ ಗೊತ್ತಿಲ್ಲ. ಗೊತ್ತಿರೋದು ನಿಮಗೆ.”

ಮೇಜಿನ ಮೇಲೆ ಫೋನು ಅದುರಿತು, ನಿಂತಿತು, ಮತ್ತೆ ಅದುರಿತು.

“ಇನ್ನೊಂದು,” ಎಂದಳು ಮಾದೇವಿ. “ಮುಗಿಲಂಚಿನ ಅಡುಗೆಮನೆ ಹಿಂದೆ ಕೋಳಿಗೂಡು ಇದೆ. ಕೆಂಪಾಗಿ ವಾರವಾಯಿತು, ನೋಟಿಸು ಹೋಯಿತು. ಬಿಳಿ ಅಂಗಿಯವರು ಅಲ್ಲಿಗೆ ಬಲೆ ಹಿಡಿದುಕೊಂಡು ಹೋದರಾ?”

“...ಇಲ್ಲ.”

“ಯಾಕೆ?”

ಅನಂತಶಯನರು ಕಿಟಕಿಯಾಚೆ ನೋಡಿದರು. ಹೊತ್ತು ಇಳಿಯುತ್ತಿತ್ತು.

“ಏನು ಬರೀಬೇಕು ಹೇಳು,” ಎಂದರು ಕೊನೆಗೆ.

“‘ಮಾತ್ರ’ ತೆಗೀರಿ. ಎಲ್ಲ ಕೊಂಬೆಗಳಿಗೂ, ನೆಟ್ಟ ದಿನದಿಂದ, ಅಂತ ಹಾಕಿ. ಅಬ್ಬಿಪೋಡಿನ ನೋಟಿಸು ರದ್ದು ಅಂತ ಹಾಕಿ. ಅದರ ಕೆಳಗೆ ಇನ್ನೊಂದು ಸಾಲು. ಕಾಡಿನ ಹಕ್ಕಿಗಳ ಈ ಪರಾವಲಂಬಿ ಕೋಳಿಗಳಿಂದ ಬಂದದ್ದಲ್ಲ. ಕೋಳಿಗಳನ್ನು ಹಿಡಿದುಕೊಂಡು ಹೋದದ್ದು ತಪ್ಪು.”

“‘ತಪ್ಪು’ ಅನ್ನೋ ಪದ ಸರ್ಕಾರಿ ಕಾಗದದಲ್ಲಿ ಬರಲ್ಲಮ್ಮ. ‘ಅನವಶ್ಯಕ’ ಅಂತ ಹಾಕೋಣ.”

“ತಪ್ಪು.”

“‘ಮರುಪರಿಶೀಲನೆಗೆ ಅರ್ಹ’ ಅಂತ...”

“ಸರ್, ಗೆಸ್ಟುಗಳು ಪೆಟ್ಟಿಗೆ ಕಟ್ಟುತ್ತಿರಬೇಕು ಈಗ.”

ಅವರು ಒಂದೊಂದೇ ಅಕ್ಷರ ಹುಡುಕಿ ಒತ್ತಿದರು. ಆ ಎರಡಕ್ಷರದ ಪದ ಟೈಪು ಮಾಡಲು ಅವರಿಗೆ ಹಿಡಿದ ಹೊತ್ತಿನಲ್ಲಿ ಫೋನು ಇನ್ನೂ ಎರಡು ಸಲ ಬಡಿದುಕೊಂಡು ಸುಮ್ಮನಾಯಿತು. ಕೆಳಗೆ ತಮ್ಮ ಹೆಸರು ಹಾಕಲೇಬೇಕೇ ಎಂಬಂತೆ ಅವಳ ಮುಖ ನೋಡಿದರು. ಅವಳು ಕಣ್ಣು ಕದಲಿಸಲಿಲ್ಲ. ಹೆಸರು ಹಾಕಿ ಬೆರಳು ಒತ್ತಿದರು. ಆಮೇಲೆ ಮಾದೇವಿ ಇಡೀ ಕಾಗದವನ್ನು ಮೊದಲಿಂದ ಓದಿ ತನ್ನ ಬೆರಳು ಒತ್ತಿದಳು.

ನಕ್ಷೆಯ ಕೋಣೆಯ ಪರದೆಯ ಮೇಲೆ ನೆತ್ತಿಯೂ ಕಣಿವೆಯೂ ಒಟ್ಟಿಗೆ ಬಣ್ಣ ಕಳೆದುಕೊಂಡವು.

*

ಆ ಸಂಜೆ ಕುಂಬಮ್ಮನ ಮನೆಯಂಗಳದಲ್ಲಿ ಜನ ಸೇರಿದ್ದರು. ಮಾದೇವಿ ಕಾಗದವನ್ನು ಗಟ್ಟಿಯಾಗಿ ಓದಿದಳು. ಅಬ್ಬಿಪೋಡಿನ ನೋಟಿಸು ರದ್ದು ಎಂಬಲ್ಲಿ ಹುಡುಗರು ಕೇಕೆ ಹಾಕಿದರು. ಅಚ್ಚುಗೇಗೌಡರು ನೆಲ ಮುಟ್ಟಿ ಕಣ್ಣಿಗೆ ಒತ್ತಿಕೊಂಡರು. ಯಾರೋ ತಮಟೆ ತರಲು ಓಡಿದರು.

ಕುಂಬಮ್ಮ ಮಾತ್ರ ಜಗಲಿಯಿಂದ ಏಳಲಿಲ್ಲ. ಬೆಟ್ಟದ ನೀರಿನಲ್ಲಿ ಇಡೀ ವಾರ ಬಟ್ಟೆ ಹಿಂಡಿ ಅವಳ ಬೆರಳುಗಳು ಬಿಳಚಿಕೊಂಡಿದ್ದವು.

“ಕೋಳಿದೇನೊ ಬರದವ್ರೆ ಅಂದೆಲ್ಲ. ಅದ ಓದು.”

ಮಾದೇವಿ ಓದಿದಳು.

“ತಪ್ಪು ಅಂತ ಬರದವ್ರಾ?”

“ಹೂಂ ಅವ್ವ. ತಪ್ಪು ಅಂತ್ಲೇ ಅದ. ಕೆಳಗೆ ಹೆಸರೂ ಅದ, ನೋಡು.”

ಕುಂಬಮ್ಮ ಕಾಗದ ಈಸಿಕೊಂಡಳು. ಓದಲು ಬಾರದ ಕಣ್ಣಿನಿಂದ ಆ ಹೆಸರನ್ನು ಬಹಳ ಹೊತ್ತು ನೋಡಿದಳು. ಮಾದೇವಿಗೆ ಅವ್ವ ಈಗ ಅಳುತ್ತಾಳೆ, ಅಥವಾ ನಗುತ್ತಾಳೆ ಅನ್ನಿಸಿತು. ಅವಳು ಎರಡೂ ಮಾಡಲಿಲ್ಲ. ಕಾಗದವನ್ನು ಮಡಿಸಿ ಮಗಳ ಕೈಗೇ ವಾಪಸು ಕೊಟ್ಟಳು.

“ಕೋಳಿ ಹಿಡಿಯುವಾಗ ಮನೆ ಬಾಗಲ್ಗ ಬಂದಿದ್ರಲ್ಲ? ಒಂದೊಂದು ಮನೆಗೂ ಹೊಕ್ಕಿದ್ರಲ್ಲ?”

“ಹೂಂ.”

“ಹಂಗೇ ಬರ್ಲಿ. ಒಂದೊಂದು ಬಾಗಲ್ಗೂ ಬರ್ಲಿ. ಮೂತಿ ಬಟ್ಟೆ ತಗುದು ನಿಂತ್ಕಂಡು, ಬಾಯಲ್ಲಿ ಹೇಳ್ಲಿ. ಹೆಸರು ಹಾಕಿರ ಆ ನಿನ್ನ ದೊಡ್ಡೋನೂ ಬರ್ಲಿ.”

“ಬರದಿಲ್ಲ ಅವ್ವ ಅವರು.”

ತಮಟೆ ಶುರುವಾಗಿತ್ತು. ಕುಂಬಮ್ಮ ಕಾಲು ಚಾಚಿ, ಬೆನ್ನನ್ನು ಗೋಡೆಗೆ ಆನಿಸಿ, ನೆರಿಗೆ ಸರಿಮಾಡಿಕೊಂಡು ಕೂತಳು.

“ನಿಧಾನವಾಗಿ ಬರ್ಲಿ ಬುಡು. ನಾಳೆ ಕೆಲಸಕ್ಕ ಹೋದಾಗ ಹೇಳು, ನಮ್ಮವ್ವ ಎಲ್ಲೂ ಹೋಗದಿಲ್ಲ, ಇಲ್ಲೇ ಇರ್ತಳ ಅಂತ.”